ಗೌರವ್ವನ ಹಾಲು ಒಬಿಹಿರೊಗೆ ಹೋದದ್ದು

ಕಸದ ಕಟ್ಟೆ

ಹಳದಿ ಚೀಟಿ ಅಂಗೈಯಗಲವಿತ್ತು. ಮೂರು ಮೂಲೆ ಅಂಟಿಕೊಂಡಿದ್ದವು, ನಾಲ್ಕನೆಯದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅದನ್ನು ಅಂಟಿಸಿದ್ದು ನನ್ನ ಕಸದ ಚೀಲಕ್ಕೆ. ಓಣಿಯವರ ಚೀಲಗಳೆಲ್ಲ ಬೆಳಿಗ್ಗೆಯೇ ಗಾಡಿಯಲ್ಲಿ ಹೋಗಿದ್ದವು. ಕಾಗೆಗಳು ಹರಿಯದಂತೆ ಚೀಲಗಳ ಮೇಲೆ ಹೊದಿಸುವ ಹಸಿರು ಬಲೆಯನ್ನು ಯಾರೋ ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದರು. ಹಿಮದ ಮೇಲೆ ನನ್ನದೊಂದೇ ಚೀಲ ಉಳಿದಿತ್ತು.

ಚೀಟಿ ಜಪಾನಿ ಭಾಷೆಯಲ್ಲಿತ್ತು. ಫೋನಿನಲ್ಲಿ ಚಿತ್ರ ತೆಗೆದು ನಾನು ಕೆಲಸಕ್ಕೆ ಬಂದಿದ್ದ ಪ್ರಯೋಗಾಲಯದ ಓನೊ ಅವರಿಗೆ ತೋರಿಸಿದೆ. ಓನೊ ಅಲ್ಲಿನ ತಂತ್ರಜ್ಞೆ, ನನಗಿಂತ ಸ್ವಲ್ಪ ದೊಡ್ಡವರು, ಇಂಗ್ಲಿಷನ್ನು ಒಂದೊಂದೇ ಪದ ಆರಿಸಿ ಆಡುವವರು.

"ಇವತ್ತು ಸುಡುವ ಕಸದ ದಿನ. ನೀವು ಪ್ಲಾಸ್ಟಿಕ್ ಇಟ್ಟಿದ್ದೀರಿ. ದಯವಿಟ್ಟು ಮನೆಗೆ ಒಯ್ಯಿರಿ ಅಂತ ಬರೆದಿದ್ದಾರೆ," ಎಂದರು. "ಹೊಸಬರಿಗೆ ಹೀಗಾಗುತ್ತದೆ," ಎಂದೂ ಸೇರಿಸಿದರು.

ನನ್ನನ್ನು ಯಾರೂ ಬಯ್ದಿರಲಿಲ್ಲ. ಚೀಲದ ಮೇಲೆ ನನ್ನ ಹೆಸರೂ ಇರಲಿಲ್ಲ. ಆದರೂ ಸಂಜೆ ಅದನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಕೆಳಮನೆಯ ಪರದೆ ಅಲುಗಿದಂತೆ ಕಂಡು ಮೈ ಹಿಡಿಯಾಯಿತು. ಎಲ್ಲರೂ ಹೋದ ಮೇಲೆ ವಿಜಯಪುರದ ಹತ್ತಿರದ ಕಳ್ಳಕವಟಗಿ ಹಳ್ಳಿಯ ಡೇರಿ ಕಟ್ಟೆಯ ಮೇಲೆ ಹೀಗೆಯೇ ಒಂಟಿಯಾಗಿ ಉಳಿದಿದ್ದ ಒಂದು ಹಾಲಿನ ಕ್ಯಾನು ನೆನಪಾಯಿತು. ಹಾಲಿನ ಪರೀಕ್ಷೆಯ ಕೆಲಸಕ್ಕೆಂದು ಜಪಾನಿನ ಉತ್ತರದ ಈ ಒಬಿಹಿರೊಗೆ ನಾನು ಬರುವುದು ಆ ಕ್ಯಾನಿಗಿಂತ ಮೊದಲೇ ಗೊತ್ತಾಗಿತ್ತು. ಆದರೆ ಬಂದ ಮೇಲೆ ತಲೆಯಲ್ಲಿದ್ದದ್ದು ಅದೊಂದೇ.

ಹೊರಡುವ ಮುನ್ನ, ಕಳ್ಳಕವಟಗಿ

ನಾನು ಕೆಲಸ ಮಾಡುವುದು ಹಾಲಿನಲ್ಲಿ ಔಷಧದ ಅಂಶ ಉಳಿದಿದೆಯೇ ಎಂದು ಹೇಳುವ, ಬೆರಳಗಲದ ಒಂದು ಕಾಗದದ ಪಟ್ಟಿಯ ಮೇಲೆ. ದನಕ್ಕೆ ಜಡ್ಡಾದಾಗ ಕೊಟ್ಟ ಆಂಟಿಬಯೋಟಿಕ್ ಕೆಲವು ದಿನ ಹಾಲಿನಲ್ಲಿ ಇಳಿಯುತ್ತದೆ. ಪಟ್ಟಿಯಲ್ಲಿ ಆ ಔಷಧವನ್ನು ಗುರುತು ಹಿಡಿಯುವ ಒಂದು ಪ್ರೋಟೀನು ಇರುತ್ತದೆ. ಮೊದಲ ಗೆರೆ ಯಾವ ಹಾಲಿಗೂ ಮೂಡುತ್ತದೆ; ಹಾಲು ಶುದ್ಧವಿದ್ದರೆ ಪ್ರೋಟೀನು ಮುಂದೆ ಹರಿದು ಎರಡನೆಯ ಗೆರೆ ಮೂಡಿಸುತ್ತದೆ. ಹಾಲಿನಲ್ಲಿ ಔಷಧವಿದ್ದರೆ ಪ್ರೋಟೀನು ದಾರಿಯಲ್ಲೇ ಅದಕ್ಕೆ ಅಂಟಿಕೊಳ್ಳುತ್ತದೆ, ಆ ಗೆರೆ ಮೂಡುವುದಿಲ್ಲ. ಗೆರೆಯನ್ನು ಓದಲು ಅಂಗೈಯಲ್ಲಿ ಹಿಡಿಯುವಂಥ ಸಣ್ಣ ಪೆಟ್ಟಿಗೆಯೂ ಇದೆ. ಜೈವಿಕ ಸಂವೇದಕ ಎಂದು ವರದಿಗಳಲ್ಲಿ ಬರೆಯುತ್ತೇವೆ. ಹಳ್ಳಿಯಲ್ಲಿ ಅದು ಪಟ್ಟಿ, ನಾನು ಪಟ್ಟಿ ಹುಡುಗಿ.

ಮೊದಲು ಬಬಲೇಶ್ವರದಲ್ಲಿ ಪಟ್ಟಿ ತೋರಿಸಿದಾಗ ಒಬ್ಬ ಅಜ್ಜಿ ಕನ್ನಡಕ ಏರಿಸಿ ನೋಡಿ, "ಎರಡ ಗೆರಿ ಬಂದಾವಲ್ಲಬೇ, ಎಮ್ಮಿ ಗಬ್ಬ ಐತಿ ಅಂತೇನು?" ಎಂದು ಕೇಳಿದ್ದಳು. ಸುತ್ತಲಿನ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು. ಅಲ್ಲಿ ಎಲ್ಲರ ಹಾಲಿಗೂ ಗೆರೆ ಮೂಡಿತ್ತು. ಹೊರಡುವ ಹಿಂದಿನ ತಿಂಗಳು, ಡಿಸೆಂಬರಿನಲ್ಲಿ, ತಿಕೋಟಾ ಮೇಲಿಂದ ಬಸ್ಸು ಹಿಡಿದು ಕಳ್ಳಕವಟಗಿಗೆ ಹೋದೆ. ದ್ರಾಕ್ಷಿ ತೋಟಗಳ ಮೇಲೆ ಮಂಜು ಕೂತಿತ್ತು. ಡೇರಿಯ ಸೆಕ್ರೆಟರಿ ಮಲ್ಲಪ್ಪಣ್ಣ ತಲೆಗೆ ಮಫ್ಲರ್ ಸುತ್ತಿಕೊಂಡು ಒಬ್ಬೊಬ್ಬರ ಹಾಲಿಗೂ ಪಟ್ಟಿ ಹಾಕುತ್ತಿದ್ದ. ಸಾಲಿನ ನಡುವೆ ಒಂದು ಹಾಲಿಗೆ ಎರಡನೆಯ ಗೆರೆ ಮೂಡಲಿಲ್ಲ. ನಾನು ಇನ್ನೊಂದು ಪಟ್ಟಿ ಹಾಕಿದೆ. ಅದರಲ್ಲೂ ಮೂಡಲಿಲ್ಲ.

ಮೆಲ್ಲಗೆ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಲ್ಲಪ್ಪಣ್ಣ ಊರಿಗೆಲ್ಲ ಕೇಳುವಂತೆ ಕೂಗಿದ.

"ಗೌರಕ್ಕನ ಹಾಲಿನಾಗ ಔಷಧ ಐತ್ರೆಪಾ! ಗೆರಿ ಮೂಡವಲ್ದು!"

ಗೌರವ್ವ ಐವತ್ತರ ಆಸುಪಾಸಿನ ಹೆಂಗಸು. ಒಂದೇ ಎಮ್ಮೆ. ಮಾತಿಗೆ ಹೆಸರಾದವಳು ಎಂದು ಆಮೇಲೆ ತಿಳಿಯಿತು. ಓಣಿಯಲ್ಲಿ ಜಗಳವಾದರೆ ಯಾರದು ಖರೆ ಎಂದು ಕೇಳಲು ಅವಳ ಮನೆಗೆ ಬರುತ್ತಿದ್ದರಂತೆ.

"ಏ ಮಲ್ಲಪ್ಪ, ಬಾಯಿ ಸಣ್ಣ ಮಾಡು. ಯಾ ಔಷಧ ಲೇ? ನಮ್ಮ ದನದ ಡಾಕ್ಟರ್ ಮಾರಿ ನೋಡಿ ವರ್ಷಾತು."

"ನಾ ಅಲ್ಲಬೇ ಅನ್ನೂದು, ಮಶಿನ್ ಅಂತೈತಿ."

"ಮಶಿನ್‌ಗೆ ಆಣಿ ಮಾಡಾಕ ಬರತೈತೇನು? ನನಗ ಬರತೈತಿ."

ಹಾಗೆಂದವಳೇ ಬಲಗೈಯನ್ನು ಮಣಿಕಟ್ಟಿನ ತನಕ ಕ್ಯಾನಿನಲ್ಲಿ ಅದ್ದಿದಳು.

"ಈ ಹಾಲಿನಾಣಿ. ನನ್ನ ಎಮ್ಮಿಗೆ ಸೂಜಿ ಚುಚ್ಚಿಸಿಲ್ಲ, ಔಷಧ ಕುಡಿಸಿಲ್ಲ. ಸುಳ್ಳಾದ್ರ ನನ್ನ ಮನಿ ಹಾಲು ಯಾರೂ ಮುಟ್ಟಬ್ಯಾಡ್ರಿ." ಆಮೇಲೆ ಹಾಲು ತೊಟ್ಟಿಕ್ಕುವ ಕೈಯನ್ನು ನನ್ನ ಕಡೆ ಚಾಚಿದಳು. "ನೀ ಎಲ್ಲಿಗ್ಯೋ ದೂರ ಹೊಂಟೀಯಂತಲ್ಲ ತಂಗಿ. ಒಯ್ದು ಅಲ್ಲಿ ನೋಡ್ಸು. ಖರೆ ಯಾವ್ದು ಗೊತ್ತಾಗೂತನ ನಾನೂ ಯಾರಿಗೂ ಹಾಲು ಹಾಕೂದಿಲ್ಲ."

ಆ ಊರಿನಲ್ಲಿ ಹಾಲಿನಲ್ಲಿ ಕೈಯದ್ದಿ ಮಾಡಿದ ಆಣೆ ಸುಮ್ಮನೆ ಗಾಳಿಗೆ ಹೋಗುವುದಿಲ್ಲ. ಅದು ಸುಳ್ಳೆಂದು ಕಂಡರೆ ಆ ಮನೆಯ ಹಾಲು, ಮೊಸರು, ಮಜ್ಜಿಗೆ ಯಾವುದನ್ನೂ ಯಾರೂ ಮುಟ್ಟುವುದಿಲ್ಲ. ಇತ್ಯರ್ಥವಾಗುವ ತನಕವೂ ಅಷ್ಟೇ. ಮಜ್ಜಿಗೆ ನಮ್ಮ ಕಡೆ ಮಾರುವ ವಸ್ತುವಲ್ಲ. ಕಡೆದ ಮನೆಗೆ ಇಲ್ಲದವರು ಚರಿಗೆ ಹಿಡಿದು ಬರುತ್ತಾರೆ, ಕೂತು ಎರಡು ಮಾತಾಡಿ ಹೋಗುತ್ತಾರೆ. ಗೌರವ್ವನ ಅಂಗಳಕ್ಕೆ ಮರುದಿನದಿಂದ ಯಾವ ಚರಿಗೆಯೂ ಬರಲಿಲ್ಲ ಎಂದು ಮಲ್ಲಪ್ಪಣ್ಣ ಫೋನಿನಲ್ಲಿ ತಿಳಿಸಿದ.

ಅವಳು ಕೈಯದ್ದುವ ಮೊದಲೇ ಸಣ್ಣ ಬಟ್ಟಲಿನಲ್ಲಿ ತೆಗೆದಿಟ್ಟಿದ್ದ ಹಾಲು ನನ್ನ ಬಳಿ ಇತ್ತು. ಎಲ್ಲರೂ ಹೋದ ಮೇಲೆ ಅವಳ ಕ್ಯಾನು ಮಾತ್ರ ಕಟ್ಟೆಯ ಮೇಲೆ ಉಳಿದಿತ್ತು.

ಗುಡಿ ಓಣಿಯಿಂದ ವಿಮಾನಕ್ಕೆ

ನಮ್ಮ ಮನೆ ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದೆ. ಅವ್ವ ಖಡಕ್ ರೊಟ್ಟಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು. "ಅಲ್ಲಿ ಯಾರ ಜೋಡಿನಾದ್ರೂ ಮಾತಾಡು. ಮನಿಯಾಗ ಕುಂತಂಗ ಗೋಡಿ ನೋಡ್ಕೋತ ಕುಂದ್ರಬ್ಯಾಡ," ಎಂದಳು. ಆಗಲಿ ಎಂದೆ. ಇಬ್ಬರಿಗೂ ಅದರಲ್ಲಿ ನಂಬಿಕೆ ಇರಲಿಲ್ಲ.

ಹಾಲನ್ನು ಹಾಲಾಗಿಯೇ ಗಡಿ ದಾಟಿಸಲು ಬಿಡುವುದಿಲ್ಲ. ಮಾದರಿಗಳಿಂದ ನಮಗೆ ಬೇಕಾದ ಸಾರವನ್ನಷ್ಟೇ ಬೇರ್ಪಡಿಸಿ, ಒಣಗಿಸಿ, ಹೆಬ್ಬೆರಳು ಗಾತ್ರದ ಶೀಶೆಗಳಲ್ಲಿ ಮೊಹರು ಮಾಡಿ, ಅನುಮತಿ ಪತ್ರಗಳೊಂದಿಗೆ ಒಯ್ದಿದ್ದೆ. ವಿಮಾನ ನಿಲ್ದಾಣದಲ್ಲಿ ಬಿಳಿ ಕೈಗವಸಿನ ಅಧಿಕಾರಿ ಒಂದು ಶೀಶೆಯನ್ನು ಬೆಳಕಿಗೆ ಹಿಡಿದರು.

"ಇದು ಹಾಲೇ?"

"ಹಾಲಾಗಿತ್ತು," ಎಂದೆ.

ಅವರು ಪತ್ರ ನೋಡಿದರು, ಶೀಶೆ ನೋಡಿದರು, ಮತ್ತೆ ಪತ್ರ ನೋಡಿದರು. ಇನ್ನೊಬ್ಬರನ್ನು ಕರೆದರು. ಇಬ್ಬರೂ ಸೇರಿ ಶೀಶೆಯ ಮುಂದೆ ತಲೆಬಾಗಿಸಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ಎರಡೂ ಕೈಯಲ್ಲಿ ಹಿಡಿದು ಪ್ರಸಾದ ಕೊಡುವಂತೆ ನನಗೆ ಮರಳಿಸಿದರು. ರೊಟ್ಟಿಯ ಗಂಟು ಬಿಚ್ಚಿದಾಗ ಮಾತ್ರ ಯಾರಿಗೂ ಸಂಶಯ ಬರಲಿಲ್ಲ. ಅಷ್ಟರಲ್ಲಿ ಅದು ಪೂರ್ತಿ ನುಚ್ಚಾಗಿತ್ತು.

ಮಾತಾಡುವ ಬಚ್ಚಲು

ಒಬಿಹಿರೊದ ಚಳಿ ಒಣ ಚಳಿ. ಆಕಾಶ ನಮ್ಮ ವಿಜಯಪುರದ ಬೇಸಿಗೆಯ ಆಕಾಶದಷ್ಟೇ ನಿಚ್ಚಳವಾಗಿರುತ್ತದೆ, ಬಿಸಿಲೂ ಬೀಳುತ್ತದೆ, ಆದರೆ ಆ ಬಿಸಿಲಿಗೆ ಏನನ್ನೂ ಕಾಯಿಸುವ ಶಕ್ತಿಯಿಲ್ಲ. ಹಿಮ ಕರಗುವುದೇ ಇಲ್ಲ. ಕಾಲಿಟ್ಟರೆ ಬೆಲ್ಲದ ಪುಡಿ ತುಳಿದಂಥ ಸದ್ದು. ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ. ತಿಕೋಟಾ ಬಸ್ಸಿನಲ್ಲಾದರೆ ಕೂತ ಐದು ನಿಮಿಷದಲ್ಲಿ ಯಾರ ಮಗಳು, ಮದುವೆ ಯಾಕಾಗಿಲ್ಲ, ಪಗಾರ ಎಷ್ಟು ಎಂಬುದೆಲ್ಲ ಹೊರಗೆ ಬರಬೇಕು. ನಾನು ಕಿಟಕಿಗೆ ತಲೆಯಾನಿಸಿ ಮಲಗಿದಂತೆ ನಟಿಸುತ್ತೇನೆ. ಇಲ್ಲಿ ನಟಿಸುವ ಅಗತ್ಯವೇ ಇರಲಿಲ್ಲ. ನನಗೆ ಬೇಕಾದದ್ದು ಇದೇ ಎಂದು ಮೊದಲ ವಾರ ಅಂದುಕೊಂಡೆ.

ಎರಡನೆಯ ವಾರ ಬಚ್ಚಲಿನ ಯಂತ್ರದ ಜೊತೆ ಮಾತಾಡತೊಡಗಿದೆ. ಬಾಡಿಗೆ ಕೋಣೆಯಲ್ಲಿ ನೀರು ಕಾಯಿಸುವ ಯಂತ್ರಕ್ಕೆ ಒಂದು ಹೆಣ್ಣುದನಿ ಇತ್ತು. ಗುಂಡಿ ಒತ್ತಿದರೆ ಸಣ್ಣ ಸಂಗೀತ ನುಡಿಸಿ, ಸ್ನಾನಕ್ಕೆ ನೀರು ಸಿದ್ಧವಾಗಿದೆ ಎಂದು ಬಹಳ ಅಕ್ಕರೆಯಿಂದ ಹೇಳುತ್ತಿತ್ತು. "ಬಂದೆ, ತಡಿ," ಎಂದು ನಾನು ಕನ್ನಡದಲ್ಲಿ ಉತ್ತರಿಸುತ್ತಿದ್ದೆ. ಕೆಲವು ದಿನ ಮನೆಗೆ ಬಂದ ಮೇಲೆ ಆಡಿದ ಮಾತು ಅದೊಂದೇ ಆಗಿರುತ್ತಿತ್ತು.

ಊಟದ ಪಾಡು ಬೇರೆ. ಅನ್ನದ ಮುದ್ದೆಯನ್ನು ನೋಡಿ ಕೊಂಡರೆ ಒಳಗೆ ಮೀನು, ತರಕಾರಿ ಸಾರು ಎಂದು ಕೊಂಡರೆ ಅದರ ತಿಳಿಯೇ ಮೀನಿನದು. ಕೊನೆಗೆ ಬರೀ ಅನ್ನಕ್ಕೆ ಹಾಲು ಹಾಕಿಕೊಂಡು, ರೊಟ್ಟಿಯ ನುಚ್ಚು ಉದುರಿಸಿಕೊಂಡು ತಿಂದೆ. ಹಾಲು ಮಾತ್ರ ಗಟ್ಟಿಯಾಗಿ, ರುಚಿಯಾಗಿ ಇರುತ್ತಿತ್ತು. ಎಷ್ಟೋ ಸಲ ಲೋಟ ಎತ್ತುವಾಗ, ಕಳ್ಳಕವಟಗಿಯಲ್ಲಿ ಒಬ್ಬಳು ತನ್ನ ಹಾಲನ್ನು ತಾನೇ ಏನು ಮಾಡುತ್ತಿರಬಹುದು ಎಂಬ ಯೋಚನೆ ಬರುತ್ತಿತ್ತು.

ಪ್ರಯೋಗಾಲಯದಲ್ಲಿ ಕೋಣೆಯಷ್ಟು ದೊಡ್ಡ ಯಂತ್ರವೊಂದಿತ್ತು. ನನ್ನ ಪಟ್ಟಿ ಹೌದು, ಇಲ್ಲ ಎಂದಷ್ಟೇ ಹೇಳಿದರೆ, ಅದು ಔಷಧದ ಹೆಸರನ್ನೇ ಹೇಳುತ್ತಿತ್ತು. ಮೂರನೆಯ ವಾರ ಗೌರವ್ವನ ಶೀಶೆಯ ಸರದಿ ಬಂತು. ಓನೊ ಪರದೆಯ ಮೇಲೆ ಎದ್ದ ಚೂಪಾದ ಶಿಖರವನ್ನು ತೋರಿಸಿದರು. ಟೆಟ್ರಾಸೈಕ್ಲಿನ್, ಮನುಷ್ಯರಿಗೂ ದನಗಳಿಗೂ ಕೊಡುವ ಆಂಟಿಬಯೋಟಿಕ್. ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಪಟ್ಟಿ ಸರಿ ಹೇಳಿತ್ತು. ಅದಕ್ಕಾಗಿ ವರ್ಷಗಟ್ಟಲೆ ದುಡಿದವಳಿಗೆ ಸಂತೋಷವಾಗಬೇಕಿತ್ತು.

"ಈ ಎಮ್ಮೆಗೆ ಏನು ಚಿಕಿತ್ಸೆ ಆಗಿತ್ತು?" ಓನೊ ಕೇಳಿದರು.

"ಏನೂ ಇಲ್ಲವಂತೆ."

"ಒಡತಿ ಹಾಗೆ ಹೇಳಿದರೇ?"

"ಆಣೆ ಮಾಡಿ ಹೇಳಿದಳು."

ಓನೊ ಶೀಶೆಯ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡರು. "ಜನ ಕೆಲವು ಸಲ ಹೆದರಿ ಹೇಳುವುದಿಲ್ಲ," ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಹೆದರಿದವಳು ಕೈಯದ್ದುವುದಿಲ್ಲ ಎಂದು ಹೇಳಬೇಕೆನಿಸಿತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವರು ಮುಂದಿನ ಶೀಶೆ ತೆಗೆದರು.

ಊರಿಗೆ ಫೋನು ಮಾಡುವುದನ್ನು ಎರಡು ದಿನ ಮುಂದೂಡಿದೆ. ಯಂತ್ರ ಹೇಳಿದ್ದನ್ನು ಮಲ್ಲಪ್ಪಣ್ಣನಿಗೆ ಹೇಳಿದರೆ ಸಾಕಿತ್ತು. ಅಲ್ಲಿಗೆ ಗೌರವ್ವ ಸುಳ್ಳಿಯಾಗುತ್ತಿದ್ದಳು, ಜೀವ ಇರುವ ತನಕ.

ಕುಡೊ ಅವರ ಕೊಟ್ಟಿಗೆ

ಹಾಲಿನ ಮಾದರಿ ತರಲು ಓನೊ ನನ್ನನ್ನು ಊರ ಹೊರಗಿನ ಒಂದು ಕೊಟ್ಟಿಗೆಗೆ ಕರೆದೊಯ್ದರು. ಒಡತಿ ಕುಡೊ ಎಂಬ ವಯಸ್ಸಾದ ಹೆಂಗಸು. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟಿದ್ದರು, ಕೆನ್ನೆ ಚಳಿಗೆ ಕೆಂಪಾಗಿತ್ತು. ಹೊರಗೆ ಹಿಮ, ಒಳಗೆ ಆಕಳುಗಳ ಉಸಿರಿನ ಬಿಸಿ. ಬಾಗಿಲು ತೆರೆದಾಗ ಬಂದ ಸಗಣಿ, ಒಣಹುಲ್ಲಿನ ವಾಸನೆಗೆ ನನ್ನ ಕಣ್ಣು ಸುಮ್ಮನೆ ತುಂಬಿಬಂದವು. ಕನ್ನಡಕದ ಮೇಲೆ ಹಬೆ ಕೂತದ್ದು ಒಳ್ಳೆಯದಾಯಿತು.

ಒಂದು ಆಕಳ ಹಿಂಗಾಲಿಗೆ ಕೆಂಪು ಪಟ್ಟೆ ಕಟ್ಟಿದ್ದರು. ಅದಕ್ಕೆ ಔಷಧ ಕೊಟ್ಟಿದ್ದರಿಂದ ಅದರ ಹಾಲನ್ನು ಬೇರೆ ಬಕೀಟಿನಲ್ಲಿ ಹಿಂಡಿ ಚೆಲ್ಲುತ್ತಾರಂತೆ. ಹಾಲು ಚೆಲ್ಲುವುದನ್ನು ನಾನು ನೋಡಲಾರೆ. ಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದರೂ ಅವ್ವ ಕೈಮುಗಿಯುತ್ತಾಳೆ. ಬೇರೆ ಕಡೆ ತಿರುಗಿದೆ.

ಆ ಕಡೆ ಕುಡೊ ಒಂದು ಡಬ್ಬಿಯಿಂದ ಮುಲಾಮಿನಂಥದ್ದನ್ನು ಬೆರಳಲ್ಲಿ ತೆಗೆದು ಇನ್ನೊಂದು ಆಕಳಿನ ಮೊಲೆಗಳಿಗೆ ಸವರುತ್ತಿದ್ದರು. ಚಳಿಗೆ ಚರ್ಮ ಒಡೆದಿತ್ತು. ಈ ಆಕಳ ಕಾಲಿಗೆ ಕೆಂಪು ಪಟ್ಟೆ ಇರಲಿಲ್ಲ.

"ಇದು ಔಷಧ ಅಲ್ಲವೇ ಅಂತ ಕೇಳಿ," ಎಂದು ಓನೊ ಅವರಿಗೆ ಹೇಳಿದೆ.

ಕುಡೊ ನಕ್ಕು ಏನೋ ಉತ್ತರಿಸಿದರು. ಓನೊ ಅನುವಾದಿಸಿದರು: "ಬರೀ ಎಣ್ಣೆ, ಮೇಣ. ಔಷಧ ಹಚ್ಚಿದರೆ ಹಿಂಡುವಾಗ ಕೈಗೆ ಬರುತ್ತದೆ, ಕೈಯಿಂದ ಹಾಲಿಗೆ ಹೋಗುತ್ತದೆ. ಆಗ ಇದಕ್ಕೂ ಕೆಂಪು ಪಟ್ಟೆ ಕಟ್ಟಬೇಕಾಗುತ್ತದೆ."

ಔಷಧ ಹಾಲಿಗೆ ಬರುವುದು ದನದ ಒಳಗಿನಿಂದ ಎಂದೇ ನಾನು ಯೋಚಿಸುತ್ತಿದ್ದೆ. ಗೌರವ್ವನೂ ಹಾಗೆಯೇ ತಿಳಿದು ಆಣೆ ಮಾಡಿದ್ದಳು. ಸೂಜಿ ಚುಚ್ಚಿಸಿಲ್ಲ, ಔಷಧ ಕುಡಿಸಿಲ್ಲ. ಹಚ್ಚಿಲ್ಲ ಎಂದು ಅವಳು ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ಅದೇ ಸಂಜೆ

ಕೋಣೆಗೆ ಬಂದು ಕೋಟು ಬಿಚ್ಚದೆ ಫೋನು ಮಾಡಿದೆ. ಅಲ್ಲಿ ಇನ್ನೂ ಮಧ್ಯಾಹ್ನದ ಬಿಸಿಲು.

"ಅಕ್ಕಾ, ನಾನ್ರಿ. ಪಟ್ಟಿ ತಂದಿದ್ನಲ್ಲ, ಆಕಿ."

"ದನಿ ಮ್ಯಾಲೆ ಗೊತ್ತಾತು. ಊಟಾತ?"

"ಆತ್ರಿ."

"ಸುಳ್ಳ ಹೇಳಬ್ಯಾಡ, ದನಿ ಉಪಾಸ ಐತಿ. ಇರ್ಲಿ, ಹೇಳು. ನನ್ನ ಹಾಲು ಏನಂತೈತಿ?"

"ಅದಕ್ಕೂ ಮೊದ್ಲ ಒಂದ್ ಮಾತು ಕೇಳ್ತೀನ್ರಿ. ಡಿಸೆಂಬರದಾಗ ಥಂಡಿಗೆ ಎಮ್ಮಿ ಮಲಿ ಒಡದಿದ್ವೇನ್ರಿ?"

"ಒಡದಿದ್ವು. ರಕ್ತ ಜಿನುಗತಿತ್ತು. ಹಿಂಡಾಕ ಕುಂತ್ರ ಒದೀತಿತ್ತು ಪಾಪ. ಈಗ ಗಾಯ ಮಾಯ್ದು ತಿಂಗಳಾತು."

"ಏನ್ ಹಚ್ಚಿದ್ರಿ?"

"ಬೆಣ್ಣಿ. ಎಲ್ಲಾರೂ ಹಚ್ಚೂದು ಬೆಣ್ಣಿನ."

"ಬರೇ ಬೆಣ್ಣಿ?"

"ಬೆಣ್ಣಿ, ಅರಿಷಿಣ. ಮತ್ತ…" ಅಲ್ಲಿ ಅವಳ ದನಿ ನಿಧಾನವಾಯಿತು. "ಮತ್ತ ಗುಳಿಗಿ ಒಡದು ಅದರ ಪುಡಿ ಕಲಸಿದ್ನಿ. ಬಬಲೇಶ್ವರದ ನನ್ನ ತಂಗಿಗೆ ಕಾಲಿಗೆ ಗಾಯ ಆದಾಗ ತಂದು ಉಳಿದಿದ್ವು. ಗಾಯ ಲಗೂನ ಮಾಯತೈತಿ ಅಂತ ಆಕಿನ ಕೊಟ್ಟಿದ್ಲು. ಅದೇನ್ ದನದ ಔಷಧ ಅಲ್ಲಬೇ, ಮನಶ್ಯಾರದು."

"ಹಿಂಡಿದ ಮ್ಯಾಲೆ ಹಚ್ತಿದ್ರೊ, ಮೊದ್ಲೊ?"

"ಎರಡೂ ಸಲ. ಒಣ ಮಲಿ ಹಿಂಡಿದ್ರ ಮತ್ತ ಒಡಿತಾವಲ್ಲ."

ಒಡೆದ ಗುಳಿಗೆಯ ಪುಡಿಯನ್ನು ಗಾಯದ ಮೇಲೆ ಉದುರಿಸುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನನ್ನ ಮೊಣಕಾಲಿಗೇ ಅವ್ವ ಉದುರಿಸಿದ್ದಳು. ಅದು ಬೆಣ್ಣೆಯಲ್ಲಿ ಕೂಡಿ, ಕೈಗೆ ಹತ್ತಿ, ಹಾಲಿನ ಧಾರೆಯ ಜೊತೆ ಇಳಿದದ್ದನ್ನು ಅವಳಿಗೆ ತಿಳಿಯುವಂತೆ ಹೇಳಿದೆ.

"ಹಂಗಾದ್ರ ನನ್ನ ಆಣಿ?"

"ಖರೆ ಐತ್ರಿ. ಸೂಜಿ ಚುಚ್ಚಿಸಿಲ್ಲ, ಕುಡಿಸಿಲ್ಲ ಅಂದಿದ್ರಿ. ಖರೇನ."

"ನಿನ್ನ ಗೆರಿ?"

"ಅದೂ ಖರೇನ್ರಿ."

ಅವಳ ಹಿಂದೆ ಎಮ್ಮೆ ಒಮ್ಮೆ ಕೂಗಿತು.

"ನೀ ಸಾಲಿ ಕಲ್ತಾಕಿ, ಎರಡೂ ಖರೆ ಅಂದು ನಿದ್ದಿ ಮಾಡ್ತಿ. ನಾ ದಿನಾ ಮಜ್ಜಿಗಿ ಕಡದು ಎಮ್ಮಿ ಮುಂದನ ಇಡಾಕತ್ತೇನಿ. ಅದು ಸೈತ ಮಾರಿ ತಿರವತೈತಿ," ಎಂದಳು. ನಗೆಯೋ ಏನೋ ತಿಳಿಯಲಿಲ್ಲ. "ಅವತ್ತ ಮಂದಿ ಮುಂದ ಆತು. ಇದೂ ಮಂದಿ ಮುಂದನ ಆಗ್ಲಿ. ನಾಳಿ ಹಾಲ ಹಾಕೂ ಹೊತ್ತಿಗೆ ಫೋನ್ ಮಾಡು. ಗುಳಿಗಿ ಮಾತೂ ಹೇಳು, ಮುಚ್ಚಬ್ಯಾಡ."

"ಅದನ್ನ ಕೇಳಿ ಆಣಿ ಸುಳ್ಳು ಅಂದ್ರ ಏನ್ರಿ ಅಕ್ಕಾ?"

"ಅಂದ್ರ ಅನ್ನವಲ್ರ್ಯಾಕ. ಹಿಂಗ ನಡುವ ನಿಂದ್ರೂದಕ್ಕಿಂತ ಅದ ಪಾಡ."

ಮರುದಿನ ಬೆಳಿಗ್ಗೆ

ಅಲ್ಲಿ ಹಾಲು ಹಾಕುವ ಹೊತ್ತಿಗೆ ಇಲ್ಲಿ ಎಲ್ಲರೂ ಕೆಲಸದಲ್ಲಿ ಮುಳುಗಿರುತ್ತಾರೆ. ಪ್ರಯೋಗಾಲಯದೊಳಗೆ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ. ಹೊರಗೆ ಸೈಕಲ್ ನಿಲ್ಲಿಸುವ ತಗಡಿನ ಮಾಡಿನ ಕೆಳಗೆ ಹೋಗಿ ನಿಂತೆ. ಸೈಕಲ್ಲುಗಳ ಮೇಲೆಲ್ಲ ಹಿಮ ಕೂತಿತ್ತು.

"ಹಲೋ ಮೇಡಮ್, ಸ್ಪೀಕರ್ ಹಚ್ಚೇನಿ, ಹೇಳ್ರಿ. ಏ, ಸುಮ್ಕಿರ್ರಿ ಲೇ, ಜಪಾನದಿಂದ ಫೋನ್ ಬಂದೈತಿ!"

"ಅಲ್ಲೆ ಎಮ್ಮಿ ಅದಾವೇನ್ ಕೇಳೊ ಮಲ್ಲಪ್ಪ!" ಯಾರೋ ಕೂಗಿದರು.

ನಾಲ್ಕು ಜನರ ಮುಂದೆ ನನ್ನ ದನಿ ಏಳುವುದಿಲ್ಲ. ಆ ಬೆಳಿಗ್ಗೆ ಎದ್ದಿತು. ಯಂತ್ರ ಕಂಡದ್ದನ್ನು ಹೇಳಿದೆ, ಬೆಣ್ಣೆಯನ್ನು ಹೇಳಿದೆ, ಗುಳಿಗೆಯನ್ನು ಹೇಳಿದೆ. ಸೂಜಿ ಇಲ್ಲ, ಕುಡಿಸಿದ್ದಿಲ್ಲ, ಆಕೆ ಅಂದದ್ದು ಅಂದಹಾಗೆಯೇ ಇದೆ ಎಂದೆ. ಎರಡನೆಯ ಮಹಡಿಯ ಕಿಟಕಿಯಲ್ಲಿ ಯಾರೋ ಇಣುಕಿ ನೋಡಿದರು. ನಾನು ದನಿ ತಗ್ಗಿಸಲಿಲ್ಲ.

ಆ ಕಡೆ ಒಮ್ಮೆಲೇ ಗದ್ದಲವೆದ್ದಿತು.

"ಅಯ್ಯ ಯವ್ವಾ, ಗುಳಿಗಿ ಪುಡಿ ನಾನೂ ಹಚ್ತೀನಲ್ಲಬೇ! ನನ್ನ ಹಾಲೂ ಕೆಟ್ಟಂಗಾತೇನು?"

"ನಿನ್ನ ಕ್ಯಾನಿನಾಗ ಮೊದ್ಲ ಹಾಲು ಹುಡುಕಬೇಕು ತಗೋ, ಬರೇ ನೀರು!"

ನಗು. ಅದು ಅಡಗಿದ ಮೇಲೆ ಒಬ್ಬ ಮುದುಕನ ದನಿ ನಿಧಾನವಾಗಿ ಕೇಳಿತು: "ಆತು, ಆಣಿದೇನಾತು?"

ಆಮೇಲೆ ಗೌರವ್ವನ ದನಿ, ಫೋನಿನಿಂದ ಸ್ವಲ್ಪ ದೂರ.

"ಅಂದದ್ದು ಅಂದೀನಿ ಕಾಕಾ, ಅದು ಖರೆ. ಗುಳಿಗಿ ಹಚ್ಚಿದ್ದೂ ಖರೆ. ಹಾಲಿಗೆ ಹತ್ತತೈತಿ ಅಂತ ಗೊತ್ತಿದ್ದಿಲ್ಲ. ಇನ್ನ ನೀವು ಏನಂತೀರೊ ಅನ್ರಿ."

ಮಲ್ಲಪ್ಪಣ್ಣ ಕೆಮ್ಮಿದ. "ಕ್ಯಾನ್ ತಂದೀಯೇನ್ ಗೌರಕ್ಕ?"

"ತಂದೀನಿ."

"ಮತ್ತ್ಯಾಕ ಅಷ್ಟ ಹಿಂದ ನಿಂತಿ? ಬಾ ಮುಂದ, ಪಟ್ಟಿ ಹಾಕೂಣು. ಏ, ದಾರಿ ಬಿಡ್ರಿ ಆಕಿಗೆ."

ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ನನ್ನ ನೆನಪು ಯಾರಿಗೂ ಉಳಿದಂತೆ ಕಾಣಲಿಲ್ಲ. ಪಟ್ಟಿ ನೆನೆದು ಗೆರೆ ಮೂಡಲು ಎಷ್ಟು ಹೊತ್ತು ಬೇಕೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಅದು ಅಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಕಾಲು ಮರಗಟ್ಟಿತು. ಯಾವುದೋ ಮೋಟರ್ ಸೈಕಲ್ ಬಂದು ನಿಂತಿತು. ಯಾರೋ ನಾಯಿಯನ್ನು ಅಟ್ಟಿದರು. ಒಂದು ಹೆಣ್ಣುದನಿ ಪಿಸುಗುಟ್ಟಿತು, "ಕಾಣಾಕತ್ತೈತಿ, ಅಲ್ಲಿ ನೋಡು."

"ಮೂಡ್ತು," ಎಂದ ಮಲ್ಲಪ್ಪಣ್ಣ. ಈ ಸಲ ಅವನು ಕೂಗಲಿಲ್ಲ.

ಕ್ಯಾನಿನ ಮುಚ್ಚಳ ತೆಗೆದ ಸದ್ದು, ಆಮೇಲೆ ದೊಡ್ಡ ಪಾತ್ರೆಗೆ ಹಾಲು ಸುರಿದ ಸದ್ದು. ಅದರ ಹಿಂದೆಯೇ ಮುಂದಿನವರ ಹಾಲು, ಮುಂದಿನವರ ಹರಟೆ. ಅಲ್ಲಿ ಯಾರೂ ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಸಾಲು ಮುಗಿದು, ಅವರು ಕಟ್ಟೆಗೆ ನೀರು ಹೊಡೆದು ತೊಳೆಯುವ ತನಕ ಸೈಕಲ್ಲುಗಳ ನಡುವೆ ನಿಂತು ಕೇಳಿದೆ.